ಒಂದೆಳೆ ಎಡಕ್ಕೆ

ಪರದೆಯ ಅಂಚು ಓರೆ, ಎಡಗಡೆ ಅರ್ಧ ಇಂಚು ಇಳಿದಿದೆ, ಯಾರೋ ಮಹಾನುಭಾವರು ನೆಲದ ಮೇಲೆ ಹಾಸಿ ಅಳೆದು ಹೊಲಿದುಬಿಟ್ಟಿದ್ದಾರೆ, ತೂಗುಹಾಕಿ ನೋಡಿಲ್ಲ, ಮಲಗಿದ ಬಟ್ಟೆ ಹೇಳುವುದೇ ಒಂದು, ನಿಂತ ಬಟ್ಟೆ ಹೇಳುವುದೇ ಇನ್ನೊಂದು, ಇದು ಕಸುಬಿನ ಮೊದಲ ಪಾಠ — ಆದರೆ ಸೊಂಟದಿಂದ ಕೆಳಗೆ ಒಂದು ಕಾಗದದ ಹೊದಿಕೆ ಬಿಟ್ಟರೆ ಇನ್ನೇನೂ ಇಲ್ಲದೆ, ಕಂಡವರ ಕೋಣೆಯಲ್ಲಿ, ಎತ್ತರದ ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಮನುಷ್ಯನಿಗೆ ಪರದೆಯ ಉಸಾಬರಿ ಯಾಕೆ, ಬೇಕು, ಪರದೆ ನೋಡದಿದ್ದರೆ ಕಣ್ಣು ಆ ಸ್ಟೀಲ್ ತಟ್ಟೆಯ ಕಡೆ ಹೋಗುತ್ತದೆ, ತಟ್ಟೆಯಲ್ಲಿ ಇನ್ನೂ ಏನೂ ಇಲ್ಲ, ಅದೇ ಭಯ, ಖಾಲಿ ತಟ್ಟೆ ಕಂಡರೆ ಮನಸ್ಸು ತನಗೆ ತಾನೇ ಬಡಿಸಿಕೊಳ್ಳುತ್ತದೆ. ಪಕ್ಕದ ಕೋಣೆಯಲ್ಲಿ ಸೂಜಿ ಇಕ್ಕಳಗಳನ್ನು ಹಬೆಯಲ್ಲಿ ಬೇಯಿಸುವ ಡಬ್ಬಿ ಬುಸುಗುಡುತ್ತಿದೆ, ಅದು ನಿಂತ ಮೇಲೆ ಬರ್ತೀನಿ, ಆರಾಮಾಗಿ ಕೂತಿರಿ ಮಾಸ್ಟ್ರೇ ಎಂದು ಹೇಳಿ ಮೈಗೆ ಉಂಗುರ ಚುಚ್ಚುವಾಕೆ ಹೋಗಿದ್ದಾಳೆ, ಗಿಡ್ಡ ಬಿಳಿಗೂದಲು, ಕೊರಳಿಗೆ ದಾರ ಕಟ್ಟಿದ ಕನ್ನಡಕ, ಎರಡೂ ಕಿವಿಗಳ ಅಂಚಿನುದ್ದಕ್ಕೂ ಸಾಲಾಗಿ ಉಂಗುರ, ಆ ಉಂಗುರ ತೆಗೆದರೆ ಗಣಿತದ ಟೀಚರು. ಆರಾಮಂತೆ. ಆರಾಮ ಇದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದ, ಬೀದಿಯ ಗಂಡಸರೆಲ್ಲರ ಸೊಂಟಕ್ಕೆ ಟೇಪು ಸುತ್ತಿ ಸುತ್ತಿ ಬೆರಳು ಸವೆಸಿದ ದರ್ಜಿ, ಮಗಳ ಮದುವೆ ಮುಗಿಸಿದವನು, ಈ ವಯಸ್ಸಿನಲ್ಲಿ, ಈ ಜಾಗದಲ್ಲಿ, ಒಂದು ಉಂಗುರ ಹಾಕಿಸಿಕೊಳ್ಳಲು ಬಂದು ಕೂತಿದ್ದಾನೆ, ಜನ ಕೇಳಿದರೆ ನಗುವುದಕ್ಕೆ ಬಾಯಿ ಸಾಲದು. ಟಿಕ್ — ಪರದೆಯ ಆಚೆ ಹೆಂಡತಿ ಹಲ್ಲಿನಲ್ಲಿ ದಾರ ಕಡಿದಳು, ಕಾಣುವುದಿಲ್ಲ, ಕೇಳುತ್ತದೆ, ಕೈಯಲ್ಲೇ ಕತ್ತರಿ ಇದ್ದರೂ ಅವಳಿಗೆ ಹಲ್ಲೇ ಆಗಬೇಕು, ಬೆಂಚಿನ ಮೇಲೆ ಗಿರಾಕಿಗಳ ಶರಟು ಹರವಿಕೊಂಡು ಗುಂಡಿ ಹಾಕುತ್ತಿದ್ದಾಳೆ, ಸುಮ್ಮನೆ ಕೂತರೆ ಕೈಗೆ ಜೋಮು ಹಿಡಿಯುತ್ತೆ ಎನ್ನುವ ಜಾತಿ. ನಿಮ್ಮ ಮನೆಯವರು ಒಳಗೇ ಇರ್ಲಿ ಬೇಕಿದ್ರೆ, ಆ ಹೊತ್ತಿಗೆ ಹಿಡ್ಕೊಳ್ಳೋಕೆ ಒಂದು ಕೈ ಇದ್ರೆ ಒಳ್ಳೇದು, ಎಂದು ಚುಚ್ಚುವಾಕೆ ಕೇಳಿದ್ದಳು, ಇವನು ಬೇಡ ಎಂದ, ಒಂದು ಸಲ ಸಾಕಿತ್ತು, ಬೇಡ ಬೇಡ ಎಂದ, ಎರಡನೆಯ ಬೇಡ ಪರದೆ ದಾಟಿ ಬೆಂಚಿನವರೆಗೂ ಹೋಗಿರಬೇಕು, ಆಮೇಲೆ ಸ್ವಲ್ಪ ಹೊತ್ತು ದಾರ ಕಡಿಯುವ ಸದ್ದೇ ಇರಲಿಲ್ಲ.

ಇದಕ್ಕೆಲ್ಲ ಕಾರಣ ಆ ಹಡಗಣ್ಣ, ಹಡಗಿನ ಅಡುಗೆಯವನು, ವರ್ಷಕ್ಕೊಮ್ಮೆ ದಡಕ್ಕೆ ಬಂದಾಗ ಪ್ಯಾಂಟು ಹೊಲಿಸಿಕೊಂಡು ಹೋಗುವ ದೈತ್ಯ, ಅಂಗಡಿಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು, ಸೊಂಟ ಅಳೆದಾಯಿತು, ತೊಡೆ ಅಳೆದಾಯಿತು, ಎಲ್ಲರಿಗೂ ಕೇಳುವ ಹಾಗೆ ಅವನಿಗೂ ಕೇಳಿದ, ಎಡಕ್ಕಾ ಬಲಕ್ಕಾ, ಈ ಪ್ರಶ್ನೆಗೆ ಮುಖ ಕೆಂಪಾಗುವ ಗಂಡಸರಿದ್ದಾರೆ, ನಗುವವರಿದ್ದಾರೆ, ಯಾವುದರ ಬಗ್ಗೆ ಕೇಳ್ತಿದ್ದೀರಿ ಎಂದು ನಿಜವಾಗಿ ಗೊತ್ತಿಲ್ಲದ ಮದುಮಕ್ಕಳಿದ್ದಾರೆ, ಆದರೆ ಬಿಗಿ ಪ್ಯಾಂಟು ಹೊಲಿಯಬೇಕಾದರೆ ಗಂಡಸಿನ ಭಾರ ಯಾವ ಕಡೆ ಕೂರುತ್ತದೆ ಎಂದು ತಿಳಿಯಲೇಬೇಕು, ಆ ಕಡೆ ಒಂದು ಬೆರಳು ಬಟ್ಟೆ ಹೆಚ್ಚು ಬಿಡಬೇಕು, ಡಾಕ್ಟರಿಗೆ ಹೇಗೆ ನಾಚಿಕೆಯಿಲ್ಲವೋ ದರ್ಜಿಗೂ ಹಾಗೆ. ಹಡಗಣ್ಣ ಕೆಂಪಾಗಲಿಲ್ಲ, ಎರಡೂ ಕಡೆ ಬಿಡಿ ಮಾಸ್ಟ್ರೇ, ಒಳಗೆ ಆಭರಣ ಇದೆ, ಹೊಲಿಗೆ ಅಂಚಿಗೆ ಸಿಕ್ಕಿಹಾಕ್ಕೊಳ್ಳುತ್ತೆ ಎಂದ, ಇವನು ಟೇಪು ಕೆಳಗಿಟ್ಟ, ಆಭರಣ ಅಂದರೆ, ಎಂದು ಕೇಳಿಯೇಬಿಟ್ಟ, ಕಸುಬಿನ ಕುತೂಹಲ ಎನ್ನಿ. ಆಮೇಲೆ ಶುರುವಾಯಿತು ನೋಡಿ ಅವನ ಪುರಾಣ, ಎಲ್ಲರೂ ತುದಿಗೆ ಹಾಕಿಸ್ಕೋತಾರೆ, ಅದು ಸಾಮಾನ್ಯ, ಅದರಲ್ಲೇನೂ ವಿಶೇಷ ಇಲ್ಲ, ನಂದು ಅಪರೂಪದ್ದು, ಚೀಲದ ಪಕ್ಕದ ಚರ್ಮಕ್ಕೆ ಹಾಕೋದು ಹಫಾಡಾ, ಚೀಲದ ಹಿಂದೆ, ಕೂರೋ ಜಾಗಕ್ಕೆ ಮುಂಚೆ ಸಿಗುತ್ತಲ್ಲ ಆ ಸಣ್ಣ ಹಾದಿ, ಅಲ್ಲಿ ಹಾಕೋದು ಗೀಶ್, ಕೆಳಬುಡದಲ್ಲಿ ಚೀಲ ಸೇರೋ ಮೂಲೆಗೆ ಅಡ್ಡ ಹಾಕೋದು ಲೋರಂ, ಹೀಗೆ ಬಂದರುಗಳ ಹೆಸರು ಹೇಳುವವನ ಧಾಟಿಯಲ್ಲಿ ಹೇಳುತ್ತ ಹೋದ, ಯಾವುದೋ ದೇಶದಲ್ಲಿ ಹುಡುಗರು ಗಂಡಸರಾದ ದಿನ ಹಾಕ್ತಿದ್ರಂತೆ ಎಂದೂ ಸೇರಿಸಿದ, ಆ ಮಾತನ್ನು ಹೋದ ವಾರ ಚುಚ್ಚುವಾಕೆಗೆ ಹೇಳಿದರೆ ಅವಳು ಕನ್ನಡಕ ಒರೆಸುತ್ತ, ಆ ಕಥೆಗಳೆಲ್ಲ ಹಡಗಲ್ಲಿ ಬೇಜಾರಾದವರು ಹುಟ್ಟಿಸಿದ್ದು, ನಂಬೋಕೆ ಹೋಗಬೇಡಿ ಎಂದಳು. ಕಥೆ ಸುಳ್ಳಿರಬಹುದು, ಹಡಗಣ್ಣ ಹೊರಡುವಾಗ ಹೇಳಿದ್ದು ಸುಳ್ಳಲ್ಲ, ಎಣ್ಣೆ ಬಾಣಲೆ ಮಗುಚಿ ಅವನ ತೊಡೆಯೆಲ್ಲ ಸುಟ್ಟಿತ್ತಂತೆ, ತಿಂಗಳುಗಟ್ಟಲೆ ಆಸ್ಪತ್ರೆ, ಸೊಂಟದ ಕೆಳಗೆ ನಂದು ಅನ್ನೋದು ಏನೂ ಉಳಿದಿರಲಿಲ್ಲ ಮಾಸ್ಟ್ರೇ, ಎಲ್ಲಾ ಅವರದ್ದೇ, ಬ್ಯಾಂಡೇಜು ಅವರದ್ದು, ಮುಲಾಮು ಅವರದ್ದು, ನೋವೂ ಅವರು ಕೊಟ್ಟಾಗ, ಕೊನೆಗೆ ಒಂದು ನೋವು ನಾನೇ ಕೇಳಿ ತಗೊಂಡೆ, ಅವತ್ತಿಂದ ಮನೆ ವಾಪಸ್ ಸಿಕ್ಕಂಗಾಯ್ತು. ಅದನ್ನು ಕೇಳಿದ ದಿನ ಇವನು ಕತ್ತರಿಸಬೇಕಿದ್ದ ಬಟ್ಟೆಯನ್ನು ಹಾಗೇ ಮಡಚಿಟ್ಟ, ಯಾಕೆ ಎಂದು ಹೆಂಡತಿ ಕೇಳಿದಳು, ತಲೆನೋವು ಎಂದ.

ಹಡಗಣ್ಣನಿಗೆ ಗೊತ್ತಿರಲಿಲ್ಲ, ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಎಡಗಡೆಯದು ಹೋಗಿ ಎರಡು ವರ್ಷದ ಮೇಲಾಯಿತು, ಸ್ನಾನ ಮಾಡುವಾಗ ಕೈಗೆ ಸಿಕ್ಕ ಗಟ್ಟಿ ಗಂಟು, ಅವರೆಕಾಳಿನಷ್ಟು, ಡಾಕ್ಟರು ವೃಷಣ ಎಂದರು, ಇವನು ಬೀಜ ಎಂದ, ಹೆಂಡತಿ ಆಸ್ಪತ್ರೆಗೆಂದು ಚೀಲದಲ್ಲಿ ಬಟ್ಟೆ ತುಂಬಿದಳು. ಕೊಯ್ಯುವ ಮುಂಚೆ ಒಬ್ಬ ಎಳೆಯ ಡಾಕ್ಟರು ಬಂದು ಎಡತೊಡೆಯ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಹಾಕಿದ, ಬಲಗಡೆಯದನ್ನ ತಪ್ಪಿ ತೆಗೀಬಾರದಲ್ಲ, ಅದಕ್ಕೆ, ಎಂದು ನಕ್ಕ, ಇವನೂ ನಕ್ಕ, ಇಷ್ಟು ವರ್ಷ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಕತ್ತರಿಗೆ ದಾರಿ ಗೀಚಿದವನು, ತಾನೇ ಬಟ್ಟೆಯಾಗಿ ಬಿದ್ದುಕೊಂಡು ಗೀಟು ಹಾಕಿಸಿಕೊಂಡಾಗ ನಗದೆ ಇನ್ನೇನು ಮಾಡಬೇಕು. ಗಂಟು ಹೋಯಿತು, ಬಾಣ ಹೋಗಲಿಲ್ಲ, ಮನೆಗೆ ಬಂದ ಮೇಲೂ ಇತ್ತು, ಸೋಪು ಹಾಕಿ ತಿಕ್ಕಿ ತಿಕ್ಕಿ ಚರ್ಮ ಕೆಂಪಾಯಿತು, ಬಾಣ ತೆಳುವಾಯಿತು, ಈಗ ಇಲ್ಲ, ಇಲ್ಲ ಎಂದು ಹೇಳುವುದಾದರೂ ಹೇಗೆ, ಅಲ್ಲಿ ನೋಡಿಯೇ ಎಷ್ಟು ಕಾಲವಾಯಿತು. ಬೇಕಿದ್ರೆ ಸಿಲಿಕೋನ್ ಗೋಲಿ ಇಡಬಹುದು, ನೋಡೋಕೆ ಸರಿಹೋಗುತ್ತೆ, ಎಂದು ಡಾಕ್ಟರು ಅಂಗೈಯಲ್ಲಿ ತೋರಿಸಿದ್ದರು, ಇವನು ಒತ್ತಿ ನೋಡಿದ, ಕೋಟಿನ ಹೆಗಲಿಗೆ ಇಡುವ ಪ್ಯಾಡು ನೆನಪಾಯಿತು, ಪ್ಯಾಡು ಇಟ್ಟರೆ ಕೋಟು ನಿಲ್ಲುತ್ತದೆ, ಒಳಗಿರುವ ಹೆಗಲು ಹೆಗಲೇ, ಬೇಡ ಎಂದ. ಎಲ್ಲಾ ವಾಸಿಯಾಗಿದೆ, ಇನ್ನು ಭಯ ಇಲ್ಲ, ಸಂಸಾರ ಎಂದಿನಂತೆ, ಎಂದು ಬೆನ್ನು ತಟ್ಟಿ ಕಳಿಸಿದರು, ಎಂದಿನಂತೆ ಎನ್ನುವುದು ಯಾವ ಅಂಗಡಿಯಲ್ಲಿ ಸಿಗುತ್ತದೆಯೋ. ಬೆನ್ನುನೋವು ಎಂದು ನೆಪ ಹೇಳಿ ಹೊಲಿಗೆ ಕೋಣೆಯ ಕಿರಿಮಂಚಕ್ಕೆ ಹಾಸಿಗೆ ಬದಲಾಯಿಸಿದ, ಅದಕ್ಕೂ ಮುಂಚೆ ಒಂದು ಬೆಳಗಿನ ಜಾವ, ಅವಳಿಗೆ ಅರೆನಿದ್ದೆ, ಕೈ ಎಂದಿನಂತೆ ಬಂದು ಹೊಟ್ಟೆಯ ಮೇಲೆ ಬಿತ್ತು, ಅಲ್ಲಿಂದ ಸ್ವಲ್ಪ ಕೆಳಗೆ ಜಾರಿತು, ಇವನು ಆ ಕೈಯನ್ನು ಹಿಡಿದು, ಕತ್ತರಿಯ ಹತ್ತಿರ ಬಂದ ಮಗುವಿನ ಕೈಯನ್ನು ಎತ್ತಿಡುವ ಹಾಗೆ, ಎತ್ತಿ ಅವಳ ಕಡೆಗೇ ಇಟ್ಟುಬಿಟ್ಟ, ಅವಳು ಎಚ್ಚರಾಗಿದ್ದಳು, ಉಸಿರಿನಲ್ಲಿ ಗೊತ್ತಾಯಿತು, ಒಂದು ಮಾತು ಕೇಳಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಅವಳು ಬೈಯದೆ ಬಿಟ್ಟದ್ದು ಜೀವಮಾನದಲ್ಲಿ ಅದೊಂದೇ. ಆ ಕೈ ಮತ್ತೆ ಬರಲಿಲ್ಲ. ಅವತ್ತಿನಿಂದ ಇವನು ತನಗೆಂದು ಒಂದು ಪ್ಯಾಂಟೂ ಹೊಲಿದುಕೊಂಡಿಲ್ಲ, ಊರಿಗೆಲ್ಲ ಹೊಲಿಯುತ್ತಾನೆ, ತನಗೆ ಮಾತ್ರ ಹಳೇ ದೊಗಲೆ ಪೈಜಾಮ, ಯಾಕೆಂದರೆ ಕತ್ತರಿಸಲು ಕೂತರೆ ಅದೇ ಪ್ರಶ್ನೆ ಎದುರು ಬರುತ್ತದೆ, ಎಡಕ್ಕಾ ಬಲಕ್ಕಾ, ಹಿಂದೆ ಎಡ, ಈಗ ಏನೆಂದು ಬರೆದುಕೊಳ್ಳುವುದು, ನೋಡಿದರೆ ತಾನೇ ಗೊತ್ತಾಗುವುದು, ನೋಡಲು ಆಗುವುದಿಲ್ಲ.

ಟಿಕ್ — ಇನ್ನೊಂದು ಗುಂಡಿ ಆಯಿತು, ಅವಳ ಕೆಲಸವೇ ಹಾಗೆ, ಅಂಗಡಿಯಲ್ಲಿ ಕತ್ತರಿಸುವುದು ಹೊಲಿಯುವುದು ಇವನ ಪಾಲು, ಕಾಜಾ ಗುಂಡಿ ಅವಳ ಪಾಲು, ಗಿರಾಕಿಗಳೆಲ್ಲ ಅವಳನ್ನು ಗುಂಡಿಯಕ್ಕ ಎಂದೇ ಕರೆಯುವುದು, ಗುಂಡಿ ಎಲ್ಲಿ ಕೂರಬೇಕೆಂದು ನೇರಳೆ ಪೆನ್ಸಿಲಿನಲ್ಲಿ ಚುಕ್ಕೆ ಇಡುವುದು ಅವಳೇ, ಇವನಿಗೆ ಆ ಪೆನ್ಸಿಲು ಮುಟ್ಟುವ ಹಕ್ಕಿಲ್ಲ, ಮದುವೆಯಾದ ಹೊಸದರಲ್ಲಿ ಒಮ್ಮೆ ಇವನಿಟ್ಟ ಚುಕ್ಕೆಗಳನ್ನು ನೋಡಿ, ಅಲ್ರೀ, ಎದೆ ಮೇಲೆ ಇರುವೆ ಸಾಲು ಹೋದಂಗಿದೆ ಎಂದು ಎಲ್ಲ ಅಳಿಸಿದ್ದಳು, ಅಷ್ಟು ಚೆನ್ನಾಗಿ ಕತ್ತರಿಸುವ ಕಣ್ಣಿಗೆ ಗುಂಡಿಯ ಜಾಗ ಮಾತ್ರ ತಿಳಿಯದು, ಯಾವಾಗಲೂ ಒಂದೆಳೆ ಆಚೆ ಈಚೆ. ತಿಳಿಯದು ಎಂದು ಗೊತ್ತಿದ್ದೂ ಮೊನ್ನೆ ಮಾಡಿದ್ದೇನು, ಹೋದ ವಾರ ಚುಚ್ಚುವಾಕೆ ಮಾತಾಡಿಸಿ, ಮೊದಲು ನಿಮ್ಮ ಡಾಕ್ಟರನ್ನ ಕೇಳ್ಕೊಂಡು ಬನ್ನಿ, ಆಮೇಲೆ ಎಲ್ಲಿ ಬೇಕು ಅಂತ ನೀವೇ ಯೋಚನೆ ಮಾಡಿ ಎಂದು ಕಳಿಸಿದ್ದಳು, ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು, ಬಹಳ ಹೊತ್ತು ನೋಡಿದರು, ಆಮೇಲೆ, ಗಾಯ ಒಣಗಿ ಕಾಲವಾಗಿದೆ, ಶುಚಿಯಾಗಿ ಇಟ್ಕೊಂಡ್ರೆ ನನ್ನದೇನೂ ತಕರಾರಿಲ್ಲ ಎಂದರು, ಸರಿ, ಇವನು ಮಧ್ಯಾಹ್ನ ಅಂಗಡಿ ಬಾಗಿಲು ಅರೆ ಎಳೆದು, ಕಿರಿಮಂಚದ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡೇ ಕೈಯಲ್ಲಿ ತಡವಿ, ಎಡಗಡೆ ಖಾಲಿ ಬಿದ್ದ ಚರ್ಮದ ಮೇಲೆ, ಇದೇ ಜಾಗ, ಇಲ್ಲಿ ಒಂದು ಉಂಗುರ ಬಿದ್ದರೆ ಇಲ್ಲೂ ಏನೋ ಇದೆ ಎಂದಾದರೂ ಆಗುತ್ತದೆ ಎಂದುಕೊಂಡು, ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಅಳೆದೂ ಸುರಿದೂ ಹಾಕಿದ ಗುರುತು, ಸಂಜೆ ಹಾಸಿಗೆ ಕೊಡವಲು ಬಂದ ಹೆಂಡತಿ, ಹಾಸಿಗೆ ಮೇಲೆ ಯಾಕ್ರೀ ಸುಣ್ಣ, ಯಾರಿಗೆ ಪ್ಯಾಂಟು ಕತ್ತರಿಸಿದ್ರಿ ಇಲ್ಲಿ ಎಂದಳು, ಇವನಿಗೆ ಉಗುಳಲೂ ಆಗದು ನುಂಗಲೂ ಆಗದು, ಸುಳ್ಳು ಹೇಳಲು ಬಾಯಿ ತೆರೆದವನು ನಿಜ ಹೇಳಿಬಿಟ್ಟ, ಹಡಗಣ್ಣನಿಂದ ಹಿಡಿದು ಡಾಕ್ಟರವರೆಗೆ. ಅವಳು ಕೇಳಿದಳು, ಮಂಚದ ತುದಿಗೆ ಕೂತಳು, ಆಮೇಲೆ ನಗಲು ಶುರುಮಾಡಿದಳು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಮಗೆ ಐವತ್ತಕ್ಕೇ ಬಂತಲ್ಲ, ನಾನು ಇಷ್ಟು ವರ್ಷ ನಿಮಗೆ ಮೂಗುದಾರ ಹಾಕೋಕೆ ಒದ್ದಾಡಿದ್ದೇ ಬಂತು, ಜಾಗ ತಪ್ಪಾಗಿತ್ತು ಅಂತ ಈಗ ಗೊತ್ತಾಯ್ತು. ಇವನಿಗೂ ನಗು ಬಂತು, ಎಷ್ಟು ಕಾಲದ ಮೇಲೆ ಇಬ್ಬರೂ ಒಂದೇ ವಿಷಯಕ್ಕೆ ನಕ್ಕದ್ದು, ನಗು ನಿಂತ ಮೇಲೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒರೆಸಿದಷ್ಟೂ ನೀರು ಬರುತ್ತಲೇ ಇತ್ತು, ಅದು ನಗುವಿನದಲ್ಲ ಎಂದು ಇವನಿಗೂ ಗೊತ್ತು, ನಾನೂ ಬರ್ತೀನಿ ಎಂದಳು, ಹೊರಗೇ ಕೂತಿರ್ತೀನಿ, ಹೆದರಬೇಡಿ, ಒಳಗೆ ಬಾ ಅಂತ ನನ್ನ ಯಾರೂ ಕರೀದೆ ಎರಡು ವರ್ಷ ಆಯ್ತಲ್ಲ, ಹೊರಗೆ ಕೂರೋದು ನನಗೇನೂ ಹೊಸದಲ್ಲ. ಹಾಗೆಂದು ಹಾಸಿಗೆ ಕೊಡವಿ, ಸುಣ್ಣದ ಕಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಡುಗೆಮನೆಗೆ ಹೋದಳು.

ಡಬ್ಬಿಯ ಬುಸುಬುಸು ನಿಂತಿದೆ, ಯಾವಾಗ ನಿಂತಿತೋ, ಚುಚ್ಚುವಾಕೆ ಬಂದು ಕೈಗವಸು ಎಳೆದುಕೊಳ್ಳುತ್ತಿದ್ದಾಳೆ, ತಟ್ಟೆಯಲ್ಲಿ ಈಗ ಪೊಟ್ಟಣ ಕಟ್ಟಿದ ಸೂಜಿ, ಇಕ್ಕಳ, ಒಂದು ಸಣ್ಣ ಉಂಗುರ, ಎಷ್ಟು ಸಣ್ಣದು, ಇಷ್ಟಕ್ಕಾ ಇಷ್ಟು ರಂಪ, ಹೊದಿಕೆ ಸರಿಸಿ ಮಾಸ್ಟ್ರೇ ಎನ್ನುತ್ತಾಳೆ, ಸರಿಸಿ ಪರದೆಯನ್ನು ನೋಡುತ್ತಾನೆ, ಅಂಚು ಓರೆ, ಓರೆ, ಓಹೋ ಗುರುತು ಮಾಡ್ಕೊಂಡೇ ಬಂದಿದ್ದೀರಿ ಎನ್ನುತ್ತಾಳೆ, ಹೌದು, ಬೆಳಗ್ಗೆ ಮತ್ತೊಮ್ಮೆ ಗಾಢವಾಗಿ ತೀಡಿಕೊಂಡು ಬಂದಿದ್ದ, ಮಲಗಿಯೇ, ಸರಿ ಎದ್ದು ನಿಂತ್ಕೊಳ್ಳಿ, ನಿಂತ. ಅವಳು ಮೊಣಕಾಲೂರಿ ಕೂತು ನೋಡಿದಳು, ಕೇಳಿದಳು, ಮಲಗಿದ್ದಾಗ ಹಾಕಿದ್ರಾ ಇದನ್ನ. ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದೆ, ಮಲಗಿದ ಬಟ್ಟೆ ಹೇಳುವುದೇ ಒಂದು ನಿಂತ ಬಟ್ಟೆ ಹೇಳುವುದೇ ಇನ್ನೊಂದು, ಕಸುಬಿನ ಮೊದಲ ಪಾಠ, ಪರದೆ ಹೊಲಿದವನನ್ನು ಈಗತಾನೇ ಆಡಿಕೊಂಡ ಬಾಯಿ, ನಿಂತಾಗ ಆ ನೀಲಿ ಗುರುತು ಎಲ್ಲೋ ತೊಡೆಯ ಸಂದಿಗೆ ಜಾರಿಹೋಗಿತ್ತು, ಅವಳು ಹೇಳುತ್ತಿದ್ದಾಳೆ, ಎಲ್ಲರೂ ಮನೇಲಿ ಇದೇ ತಪ್ಪು ಮಾಡ್ತಾರೆ, ಆದ್ರೆ ಒಬ್ಬ ದರ್ಜಿ ಮಾಡಿದ್ದು ಇದೇ ಮೊದಲು. ಪರದೆಯಾಚೆ ಯಾರೋ ಮೂಗಿನಲ್ಲಿ ನಕ್ಕರು, ಯಾರೋ ಏನು ಬಂತು, ಅವಳೇ. ನಗುತ್ತಲೇ ಒದ್ದೆ ಹತ್ತಿಯಲ್ಲಿ ಸುಣ್ಣ ಒರೆಸಿದಳು ಚುಚ್ಚುವಾಕೆ, ಒರೆಸಿ, ದನಿ ತಗ್ಗಿಸಿ, ಇಲ್ಲಿ ಬೇಡ ಮಾಸ್ಟ್ರೇ, ಈ ಕಡೆ ಚರ್ಮಕ್ಕೆ ಒಳಗಿಂದ ಭಾರ ಇಲ್ಲ, ಉಂಗುರ ಒಂದು ಕಡೆ ನಿಲ್ಲಲ್ಲ, ಹೊರಳ್ತಾ ಇರುತ್ತೆ, ಖಾಲಿ ಜಾಗ ತುಂಬಿಸೋಕೆ ಉಂಗುರದ ಕೈಲಿ ಆಗಲ್ಲ, ನಿಮಗೆ ಅದು ಗೊತ್ತು. ಗೊತ್ತು, ಪ್ಯಾಡು ಇಟ್ಟರೆ ಕೋಟು ನಿಲ್ಲುತ್ತದೆ. ಹಿಂದಿನ ಹಾದಿಗೆ, ಆ ಗೀಶ್ ಎನ್ನುವುದಕ್ಕೆ, ಆಗುತ್ತಾ ಎಂದು ಕೇಳಿದ, ದಿನವಿಡೀ ಮೆಷಿನ್ ಮುಂದೆ ಅದರ ಮೇಲೇ ಕೂರೋರು ನೀವು, ನನ್ನನ್ನ ಬೈಕೊಳ್ತಾ ಪೆಡಲು ತುಳೀತೀರಿ, ಬೇಡ, ಲೋರಂ ಹಾಕೋಣ, ಬುಡದ ಮೂಲೆ, ಮಧ್ಯದಲ್ಲಿ, ನಿಮ್ಮ ಹೊಲಿಗೆ ಮೇಲೇ ಬರುತ್ತೆ. ಹೊಲಿಗೆ ಎಂದರೆ, ಆಸ್ಪತ್ರೆಯ ಹೊಲಿಗೆ ಮೇಲೆ ಅಲ್ಲವೇ ಎಂದ, ಅಲ್ಲ, ಅದು ತೊಡೆ ಸಂದಿಯ ಮೇಲಿದೆ, ಇದನ್ನ ಯಾರೂ ಮುಟ್ಟಿಲ್ಲ, ನೋಡಿ, ಎಂದು ಹಿಡಿಕೆಯ ಕನ್ನಡಿಯನ್ನು ಕೈಗೆ ಕೊಟ್ಟಳು. ಕನ್ನಡಿ ಹಿಡಿದ ಕೈ ಒಪ್ಪಲಿಲ್ಲ, ಸ್ವಲ್ಪ ಹೊತ್ತು ಕನ್ನಡಿಯಲ್ಲಿ ದೀಪ ನೋಡಿದ, ಮೊಣಕಾಲು ನೋಡಿದ, ಆಮೇಲೆ ನೋಡಿದ. ಬಾಣ ಇರಲಿಲ್ಲ. ಏನೂ ಅನಾಹುತ ಇರಲಿಲ್ಲ, ಸ್ವಲ್ಪ ಒಂದು ಕಡೆ ವಾಲಿದ, ತನ್ನದೇ, ಪರಿಚಯದ ಮೈ, ಊರಿಂದ ಬಹಳ ದಿನಕ್ಕೆ ಬಂದ ತಮ್ಮನನ್ನು ಬಾಗಿಲಲ್ಲಿ ಕಂಡ ಹಾಗಾಯಿತು, ನಡುವೆ ಒಂದು ತೆಳು ಗೆರೆ, ಮೇಲಿಂದ ಕೆಳಗೆ, ಎರಡು ತುಂಡು ಕೂಡಿಸಿ ಒಳಹೊಲಿಗೆ ಹಾಕಿದ ಹಾಗೆ, ಗಂಡುಮಕ್ಕಳೆಲ್ಲರಿಗೂ ಇರುತ್ತೆ, ಅಮ್ಮನ ಹೊಟ್ಟೇಲಿ ಎರಡು ಕಡೆಯಿಂದ ಬಂದು ಕೂಡಿದ ಗುರುತು ಎನ್ನುತ್ತಾಳೆ ಚುಚ್ಚುವಾಕೆ, ಇಷ್ಟು ವರ್ಷ ಹೊಲಿಗೆ ಹೊಲಿಗೆ ಎಂದು ಬಡಿದುಕೊಂಡವನು ತನ್ನ ಮೈಮೇಲಿದ್ದ ಹೊಲಿಗೆಯನ್ನೇ ಗಮನಿಸಿರಲಿಲ್ಲ, ಯಾರು ಹಾಕಿದ್ದೋ, ಎಷ್ಟು ಸಣ್ಣ ಹೊಲಿಗೆ, ಎಲ್ಲೂ ಬಿಟ್ಟಿಲ್ಲ, ಕತ್ತರಿ ಇಷ್ಟು ಹತ್ತಿರ ಬಂದು ಹೋದರೂ ಒಂದು ಎಳೆಯೂ ಬಿಟ್ಟಿಲ್ಲ. ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದ.

ಚುಚ್ಚುವಾಕೆ ಪೆನ್ನು ಬಿಚ್ಚಿದಳು, ಬಣ್ಣ ನೇರಳೆ, ನೇರಳೆಯೇ ಯಾಕಿರಬೇಕು, ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟಳು, ತಣ್ಣಗೆ, ಹಿಂದೆ ಸರಿದು ನೋಡಿ ಹೇಳಿದಳು, ಇದು ನಿಮ್ಮ ಮೈಯ ನಟ್ಟನಡುವೆ, ಆದ್ರೆ ನಿಮ್ಮ ಹೊಲಿಗೆ ಸ್ವಲ್ಪ ವಾಲಿದೆ, ಮಧ್ಯಕ್ಕೆ ಹಾಕಲಾ ಹೊಲಿಗೆ ಮೇಲೆ ಹಾಕಲಾ, ಎರಡೂ ಸರಿಯೇ, ನೀವೇ ಹೇಳ್ಬೇಕು, ನೋಡೋರು ನೀವು. ಕನ್ನಡಿಯಲ್ಲಿ ಚುಕ್ಕೆ ನೋಡಿದ, ಸರಿಯಿದೆ ಎನಿಸಿತು, ಇನ್ನೊಮ್ಮೆ ನೋಡಿದ, ತಪ್ಪೆನಿಸಿತು, ಎಡಕ್ಕಾ ಬಲಕ್ಕಾ ಎಂದು ಸಾವಿರ ಗಂಡಸರನ್ನು ಕೇಳಿದವನಿಗೆ ಈಗ ಯಾರೋ ತಿರುಗಿ ಕೇಳುತ್ತಿದ್ದಾರೆ, ಗುಂಡಿಯ ಜಾಗ ಇವನಿಗೆ ಯಾವ ಕಾಲಕ್ಕೂ ತಿಳಿಯದು, ಇರುವೆ ಸಾಲು, ಒಂದೆಳೆ ಆಚೆ ಈಚೆ, ಹೇಳಿಬಿಡಬಹುದು ಯಾವುದಾದರೂ ಒಂದನ್ನು, ಮುಗಿದುಹೋಗುತ್ತದೆ, ಉಂಗುರ ಹಾಕಿಸಿಕೊಂಡು ಪೈಜಾಮ ಏರಿಸಿ ಹೊರಗೆ ಹೋದರೆ ಅವಳು ಶರಟುಗಳನ್ನು ಮಡಚಿ ಎದ್ದು ನಿಲ್ಲುತ್ತಾಳೆ, ಆಯ್ತಾ ಎನ್ನುತ್ತಾಳೆ, ಆಯ್ತು ಎನ್ನುತ್ತಾನೆ, ಸಂಜೆ ಕಿರಿಮಂಚಕ್ಕೆ ಹಾಸಿಗೆ ಕೊಡವುತ್ತಾಳೆ, ಮುಂದಿನ ವರ್ಷವೂ ಕೊಡವುತ್ತಾಳೆ, ಆ ಕೈ ಅವಳ ಕಡೆಗೇ ಇರುತ್ತದೆ — ಟಿಕ್ — ಮನೆ ವಾಪಸ್ ಸಿಕ್ಕಂಗಾಯ್ತು ಎಂದಿದ್ದ ಹಡಗಣ್ಣ, ಮನೆ ಸಿಕ್ಕಿ ಬಾಗಿಲು ಹಾಕಿಕೊಂಡು ಒಬ್ಬನೇ ಕೂತರೆ ಅದ್ಯಾವ ಮನೆ, ಈ ಹೆದರಿಕೆ ಸೂಜಿಗಲ್ಲ, ಸೂಜಿಗಲ್ಲ, ಬಾಯಿ ತೆರೆದರೆ ಗಾಳಿ ಬಂತು, ಇನ್ನೊಮ್ಮೆ ತೆರೆದ.

ಲೇ, ಸ್ವಲ್ಪ ಒಳಗೆ ಬಾ. ದನಿ ತನ್ನದೇ, ಸಣ್ಣಗಿತ್ತು, ಕೇಳಿಸಿತೋ ಇಲ್ಲವೋ, ಪರದೆಯಾಚೆ ಶರಟಿನ ಗುಂಡಿಯೊಂದು ನೆಲಕ್ಕೆ ಬಿದ್ದು ಉರುಳುವ ಸದ್ದು, ಉರುಳಿ ಉರುಳಿ ಎಲ್ಲೋ ನಿಂತಿತು, ಅದನ್ನು ಹೆಕ್ಕಲು ಯಾರೂ ಬಾಗಲಿಲ್ಲ, ಓರೆ ಅಂಚು ಅಲುಗಾಡಿತು, ಅವಳು ಬಂದಳು, ಬಾಯಲ್ಲಿ ದಾರ ಹಾಗೇ ಇದೆ, ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟ ಅಂಗುಸ್ತಾನ, ಇವನ ಮುಖ ನೋಡಿದಳು, ಮುಖವನ್ನೇ ನೋಡುತ್ತ ನಿಂತಳು, ಕೆಳಗೆ ನೋಡಲು ಅಪ್ಪಣೆ ಬೇಕೋ ಎನ್ನುವ ಹಾಗೆ, ಗುಂಡಿ ಜಾಗ ನನಗೆ ತಿಳಿಯಲ್ಲ, ನೀನೇ ನೋಡು ಎಂದ. ನೋಡಿದಳು. ಎರಡು ವರ್ಷದಲ್ಲಿ ಯಾರ್ಯಾರೋ ನೋಡಿದ್ದರು, ನೋಡಿ ಬರೆದುಕೊಂಡಿದ್ದರು, ಇವಳು ಬರೆದುಕೊಳ್ಳಲಿಲ್ಲ, ಕಣ್ಣು ತುಂಬಿ ಬಂದದ್ದನ್ನು ರೆಪ್ಪೆಯಲ್ಲೇ ಹಿಡಿದು, ಬಾಯಿಯ ದಾರ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, ಮಂಡಿಯೂರಿ, ತಲೆ ಓರೆ ಮಾಡಿ, ಶರಟಿನ ಪಟ್ಟಿ ನೋಡುವಾಗ ಮಾಡುವ ಹಾಗೆಯೇ, ಒಂದು ಕಣ್ಣು ಕಿರಿದುಗೊಳಿಸಿ ನೋಡಿದಳು, ಆಮೇಲೆ ಇವನಿಗಲ್ಲ, ಚುಚ್ಚುವಾಕೆಗೆ ಹೇಳಿದಳು, ಮೈ ಮಧ್ಯ ನೋಡ್ಬೇಡಿ, ಹೊಲಿಗೆ ಎಲ್ಲಿದೆಯೋ ಗುಂಡಿಗೆ ಅದೇ ಮಧ್ಯ, ಒಂದೆಳೆ ಎಡಕ್ಕೆ. ಎಡಕ್ಕೆ, ಹೌದಲ್ಲ, ಮೊದಲಿಂದಲೂ ಎಡವೇ ಅಲ್ಲವೇ, ಚುಚ್ಚುವಾಕೆ ನಕ್ಕು, ಅಂಗುಸ್ತಾನ ತೆಗೀರಿ, ಕೈ ತೊಳ್ಕೊಂಡು ಇದನ್ನ ಹಾಕ್ಕೊಳ್ಳಿ, ಎಂದು ಒಂದು ಜೊತೆ ಕೈಗವಸು ಕೊಟ್ಟಳು, ಇದನ್ನ ಹಾಕ್ಕೊಂಡ್ರೆ ಬೆರಳಿಗೆ ಏನೂ ತಿಳಿಯಲ್ಲ ಎಂದು ಹೆಂಡತಿ ಗೊಣಗಿದಳು, ಗೊಣಗಿಕೊಂಡೇ ತೊಳೆದಳು, ಹಾಕಿಕೊಂಡಳು, ಹಳೆಯ ಚುಕ್ಕೆಯನ್ನು ಹತ್ತಿಯಲ್ಲಿ ಒರೆಸಿದಳು, ಹೊಸ ಪೆನ್ನು ಹಿಡಿದಳು, ಎಡಗೈಯಿಂದ ಚರ್ಮವನ್ನು ಹಗುರವಾಗಿ ಹಿಡಿದು ನೇರ ಮಾಡಿದಳು, ರಬ್ಬರಿನ ಮೂಲಕವೂ ಆ ಕೈ ಯಾರದೆಂದು ಗೊತ್ತಾಯಿತು, ಬಿಸಿ ಗೊತ್ತಾಯಿತು, ಈ ಸಲ ಅದನ್ನು ಎತ್ತಿ ಆಚೆಗಿಡಲಿಲ್ಲ, ಇವನ ಕೈ ತಾನಾಗಿ ಹೋಗಿ ಅವಳ ಹೆಗಲ ಮೇಲೆ ಕೂತಿತು, ಅಲ್ಲಾಡಬೇಡಿ ಎಂದಳು, ಅಲ್ಲಾಡಲಿಲ್ಲ, ಪೆನ್ನಿನ ತುದಿ ಬಂತು, ಮುಟ್ಟಿತು, ಹೋಯಿತು, ಚುಕ್ಕೆ, ನೇರಳೆ, ಹೊಲಿಗೆಯ ಮೇಲೆ, ಒಂದೆಳೆ ಎಡಕ್ಕೆ, ಅವಳಿಟ್ಟ ಚುಕ್ಕೆ, ಇನ್ನೂ ಒದ್ದೆ, ಚುಕ್ಕೆ —